ಅಜ್ಞಾತರ ಎಡಗೈ

ಅಮ್ಮ ಹೊಲಿಗೆಯವಳು. ಸೂಜಿ ಹಿಡಿಯುವುದು ಎಡಗೈಯಲ್ಲಾದ್ದರಿಂದ ಬೀದಿಗೆಲ್ಲ ಎಡಚಕ್ಕ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಓದು ಅಷ್ಟಕ್ಕಷ್ಟೆ, ಹಟಕ್ಕೇನೂ ಕೊರತೆಯಿರಲಿಲ್ಲ. ತಿಂಗಳ ಮೊದಲ ಭಾನುವಾರ ಮ್ಯೂಸಿಯಂಗೆ ಟಿಕೆಟ್ ಇಲ್ಲವೆಂದು ಯಾರೋ ಹೇಳಿದ್ದೇ ತಡ, ಪ್ರತಿ ತಿಂಗಳೂ ಅಂದು ಮಿಷನ್ನಿಗೆ ಬಟ್ಟೆ ಹೊದಿಸಿ ನನ್ನನ್ನೂ ತಂಗಿಯನ್ನೂ ಎಳೆದುಕೊಂಡು ಹೊರಡುವುದು ಶುರುವಾಯಿತು. "ನಾನಂತೂ ಕಲೀಲಿಲ್ಲ, ನೀವಾದ್ರೂ ನಾಲ್ಕು ವಸ್ತು ಕಣ್ಣಾರೆ ನೋಡಿ" ಎನ್ನುವುದು ಅವಳ ಒಂದೇ ರಾಗ.

ಗಾಜಿನ ಪೆಟ್ಟಿಗೆಗಳ ಮುಂದಿನ ಚೀಟಿ ಓದುವುದು ನನ್ನ ಕೆಲಸ. ತಂಗಿಗೆ ಆಗಿನ್ನೂ ಒತ್ತಕ್ಷರ ಬರುತ್ತಿರಲಿಲ್ಲ. "ಮಡಕೆ. ಮಾಡಿದವರು: ಅಜ್ಞಾತ. ಬಾಗಿಲು. ಕೆತ್ತಿದವರು: ಅಜ್ಞಾತ." ಗಿಳಿಪಾಠದ ಹಾಗೆ ಆರು ತಿಂಗಳು ಓದಿದೆ. ಆ ಪದದ ಅರ್ಥ ನನಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಹಳೆಯ ಉಣ್ಣೆ ಕೋಟಿನ ಮುಂದೆ ನಿಂತು ಅಮ್ಮ ಗಟ್ಟಿಯಾಗಿಯೇ ಹೇಳಿದಳು: "ಈ ಅಜ್ಞಾತ ಅನ್ನೋರು ಎಂಥ ಕೆಲಸಗಾರರು ನೋಡ್ರೇ! ಮಡಕೆನೂ ಅವರದೇ, ಬಾಗಿಲೂ ಅವರದೇ, ಕೋಟೂ ಅವರದೇ. ಊಟ ಮಾಡೋಕಾದ್ರೂ ಪುರುಸೊತ್ತಿತ್ತೋ ಇಲ್ವೋ!"

ಹಿಂದೆ ನನ್ನ ಕ್ಲಾಸಿನ ಹುಡುಗಿ, ಅವಳಪ್ಪ ನಿಂತಿದ್ದರು. "ಅದು ಹೆಸರಲ್ಲಮ್ಮ. ಮಾಡಿದ್ದು ಯಾರು ಅಂತ ಗೊತ್ತಿಲ್ಲ ಅಂತ ಅರ್ಥ" ಎಂದರು ಅವರು. ಹುಡುಗಿ ಕಿಸಕ್ಕನೆ ನಕ್ಕಳು. ಮರುದಿನ ಕ್ಲಾಸಿಗೆಲ್ಲ ನಾನು ಅಜ್ಞಾತ! ಮನೆಗೆ ಬಂದು ಬ್ಯಾಗ್ ಎಸೆದು, "ಇನ್ಮೇಲೆ ನಿನ್ನ ಜೊತೆ ಎಲ್ಲಿಗೂ ಬರಲ್ಲ" ಎಂದೆ. ಅಮ್ಮ ಬಾಯಲ್ಲಿದ್ದ ದಾರ ಕಡಿದು, "ಬರ್ತೀಯ" ಎಂದಳು. ಅಷ್ಟೆ.

ಮುಂದಿನ ತಿಂಗಳು ತಂಗಿಯನ್ನಷ್ಟೇ ಕರೆದುಕೊಂಡು ಹೋದಳು. ವಾಪಸು ಬಂದ ತಂಗಿ ವರದಿ ಒಪ್ಪಿಸಿದಳು: "ಅಕ್ಕಾ, ಅಮ್ಮ ಆ ಕೋಟಿನ ಗಾಜಿಗೆ ಮೂಗು ಒತ್ಕೊಂಡು ನಿಂತೇ ಇದ್ಲು. ಕಾವಲಿನೋರು ಎರಡು ಸಲ ಗದರಿದ್ರು!"

"ಗೊತ್ತಿಲ್ಲ ಅಂದ್ಮೇಲೆ ಹುಡುಕ್ಬೇಕು ತಾನೇ? ಚೀಟಿ ಅಂಟಿಸಿ ಕೈ ತೊಳ್ಕೊಂಡ್ರೆ ಆಯ್ತಾ?" ಎಂದಳು ಅಮ್ಮ. ಕೋಟಿನ ಒಳ ಅಂಚಿನ ಹೆಮ್ಮಿಂಗ್ ಎಳೆಗಳು ಎಲ್ಲರ ಹೊಲಿಗೆಯಂತೆ ಬಾಗಿರಲಿಲ್ಲವಂತೆ. ಅವಳ ಎಡಗೈ ಹೊಲಿಗೆಯಂತೆ ಎದುರು ದಿಕ್ಕಿಗೆ ಬಾಗಿದ್ದವಂತೆ. ಆ ಸಂಜೆ ಒಂದು ಬಟ್ಟೆಯ ಚೂರಿನ ಒಂದು ಅಂಚನ್ನು ತಾನು ಹೊಲಿದು, ಇನ್ನೊಂದನ್ನು ಪಕ್ಕದ ಮನೆಯವಳ ಬಲಗೈಯಲ್ಲಿ ಹೊಲಿಸಿ, ಮಡಿಚಿಟ್ಟುಕೊಂಡಳು.

ಮ್ಯೂಸಿಯಂ ನೋಡಿಕೊಳ್ಳುವ ಮೇಡಂ ಆ ಚೂರನ್ನು ನೋಡಿ, "ನೋಡೋಣ" ಎಂದು ಕಳಿಸಿದರು. ಮುಂದಿನ ತಿಂಗಳೂ "ನೋಡೋಣ". "ನೋಡೋಣ ಅಂದ್ರಲ್ಲ, ನೋಡಿ ಮತ್ತೆ" ಎಂದು ಮೂರನೇ ತಿಂಗಳು ಅಮ್ಮ ಅವರ ಬಾಗಿಲಲ್ಲೇ ಕೂತಳಂತೆ. ಕಾಟ ತಾಳಲಾರದೆ ಮೇಡಂ ಕೈಗವಸು ಹಾಕಿಕೊಂಡು ಗಾಜು ತೆಗೆಸಿ, ಭೂತಗನ್ನಡಿ ಹಿಡಿದರಂತೆ. ಆಮೇಲೆ ಅಮ್ಮನಿಗೆ ಕುರ್ಚಿ ಹಾಕಿಸಿದರಂತೆ. ಇಷ್ಟೂ ದಿನ ನಾನು ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಮರು ತಿಂಗಳು ಅಮ್ಮ ನನ್ನ ಚಪ್ಪಲಿಯನ್ನೂ ತಂದು ಬಾಗಿಲಲ್ಲಿಟ್ಟಳು. "ಚೀಟಿ ಬದಲಾಯಿಸಿದ್ದಾರಂತೆ. ನಾನು ಓದೋಕೆ ತಡವರಿಸ್ತೀನಿ, ಅವಳಿಗೆ ಒತ್ತಕ್ಷರ ಬರಲ್ಲ. ಯಾರು ಓದ್ತಾರೆ?"

ಹೋದೆ. ಕೋಟಿನ ಮುಂದೆ ಹತ್ತಾರು ಜನರಿದ್ದರು. ಹೊಸ ಚೀಟಿ ಓದಿದೆ: "ಹೊಲಿದವರು: ಅಜ್ಞಾತ. ಎಡಗೈಯವರು. ಇದನ್ನು ಗುರುತಿಸಿದವರು ಈ ಊರಿನ ಒಬ್ಬ ಹೊಲಿಗೆಯವರು."

"ನಿನ್ನ ಹೆಸರೇ ಇಲ್ವಲ್ಲಮ್ಮ!"

"ಕೇಳಿದ್ರು. ಕೋಟು ಹೊಲಿದೋರದ್ದೇ ಇಲ್ಲ, ನೋಡಿದೋಳದ್ದು ಯಾಕೆ ಅಂದೆ. ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಓದು."

ಓದಿದೆ, ಮೊದಲಿಗಿಂತ ಜೋರಾಗಿ. ಹಿಂದೆ ಯಾರಿದ್ದಾರೆಂದು ತಿರುಗಿ ನೋಡಲಿಲ್ಲ.