ಹುಣಸೆಹಣ್ಣಿನಲ್ಲಿ ತೊಳೆದ ಕಾಸು

ಗಾವಡಗೆರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಇತಿಹಾಸದ ಮೇಷ್ಟ್ರು, ಯಾರ ಹೊಲದಲ್ಲಿ ಹಳೇ ನಾಣ್ಯ ಸಿಕ್ಕಿದರೂ ಬೆವರುತ್ತ ಓಡಿಹೋಗಿ ಮೊದಲು ಹೇಳುತ್ತಿದ್ದ ಮಾತು ಒಂದೇ: "ತೊಳೀಬೇಡಿ ಕಣ್ರೀ."

ತೊಂಬತ್ತರ ದಶಕದ ಒಂದು ಬೇಸಿಗೆ. ಕೆರೆಯಂಗಳದಿಂದ ಹೊಲಕ್ಕೆ ಗೋಡುಮಣ್ಣು ಹೊರುವಾಗ ನಮ್ಮವ್ವನ ಬುಟ್ಟಿಯಲ್ಲಿ ಏಳು ಕಾಸು ಸಿಕ್ಕವು. ಅವ್ವ ಅವನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟಳು.

ಸುದ್ದಿ ತಿಳಿದು ಬಂದ ಮೇಷ್ಟ್ರು ಒಂದನ್ನು ಬೆಳಕಿಗೆ ಹಿಡಿದರು. "ಬೆಳ್ಳಿ ಕಮ್ಮಿ, ತಾಮ್ರಾನೇ ಜಾಸ್ತಿ. ಬೆಳ್ಳಿಗೆ ಗತಿಯಿಲ್ಲದ ಕಷ್ಟಕಾಲದ ಕಾಸು. ಆವಾಗ ಕೆರೆ ತುಂಬಿತ್ತಾ, ಬತ್ತಿತ್ತಾ ಅಂತ ಇದರ ಮೇಲಿದ್ದ ಮಣ್ಣು ಹೇಳ್ತಿತ್ತು. ತೊಳೆದ ನೀರು ಎಲ್ಲಿ ಚೆಲ್ಲಿದ್ರಿ ಅಕ್ಕಾ?"

ಅವ್ವ ಹೆದರಿ ಹಿತ್ತಲ ಕರಿಬೇವಿನ ಗಿಡ ತೋರಿಸಿದಳು. ಅವರು ಮಂಡಿಯೂರಿ, ಬುಡದ ಕೆಸರನ್ನು ಬೆರಳಲ್ಲಿ ಬಾಚಿ ಕರ್ಚೀಫಿಗೆ ಕಟ್ಟಿದರು. ಹಿತ್ತಲ ಮಣ್ಣು ಯಾವುದು, ಕೆರೆಯ ಮಣ್ಣು ಯಾವುದು ಎಂದು ತಿಳಿಯದೆ ಮತ್ತೆ ಬಿಚ್ಚಿ ನೋಡಿದರು. ಆಮೇಲೆ ಗಂಟು ಹಿಡಿದು, ಕಾಸಿನ ಕಡೆ ತಿರುಗಿಯೂ ನೋಡದೆ ಹೊರಟರು.

ಅವ್ವ ಬಾಗಿಲಿಗೆ ಚಿಲಕ ಹಾಕಿ ನನ್ನ ಕಡೆ ತಿರುಗಿದಳು. "ಕಾಸು ಬುಟ್ಟು ಮಣ್ಣು ತಗಂಡೋದ್ರಲ್ಲಪ್ಪಾ! ಈ ವರ್ಸ ಮಳೆ ಆಯ್ತದೋ ಇಲ್ವೋ, ಆ ಮಣ್ಣು ನೋಡಿ ಅವ್ರಿಗೇನೋ ಗೊತ್ತಾಗ್ಬುಟ್ಟದೆ ಕಣೋ."