ಹಮ್ ಅಂದರೆ ಎಷ್ಟು ಜನ

ಒಂದೇ ಒಂದು ಸರ್ವನಾಮದಿಂದ ಅಕ್ಕನ ಮಗಳ ಜೀವನಾಂಶವನ್ನು ದಾನ ಮಾಡಿ ಬಂದ ಮಹಾನುಭಾವ ನಾನು. ಈಗಲೂ ದೆಹಲಿಯ ಮುನಿರ್ಕಾದ ಟೀ ಅಂಗಡಿಯಲ್ಲಿ ಯಾರಾದರೂ "ಹಮ್ಕೋ ಏಕ್ ಚಾಯ್" ಎಂದರೆ ನನ್ನ ಕಿವಿ ಬಿಸಿಯಾಗುತ್ತದೆ.

ನನ್ನ ಹಿಂದಿಯ ಚರಿತ್ರೆ ಸ್ವಲ್ಪ ಹೇಳಲೇಬೇಕು. ಓದಲು ದೆಹಲಿಗೆ ಬಂದಾಗ ಗೊತ್ತಿದ್ದದ್ದು ಅಚ್ಛಾ, ಚಲೋ, ಭಯ್ಯಾ, ಅಷ್ಟೇ. ಉಳಿದದ್ದನ್ನು ಕಲಿಸಿದವನು ಬಿಹಾರದ ರೂಮ್‌ಮೇಟ್. ಹಮ್ ಎಂದರೆ 'ನಾವು' ಎನ್ನುತ್ತದೆ ಪುಸ್ತಕ. ಇವನು ಒಬ್ಬನೇ ಹಲ್ಲುಜ್ಜುತ್ತಿದ್ದರೂ ಹಮ್ ಎನ್ನುತ್ತಿದ್ದ; ಅವನ ಊರಲ್ಲಿ 'ನಾನು' ಎನ್ನುವುದಕ್ಕೂ ಹಮ್ ಎಂದೇ ಹೇಳುತ್ತಾರಂತೆ. ಮಹಾರಾಜರ ಠೀವಿ ಇದೆಯಲ್ಲ ಎಂದು ನಾನೂ ಅದನ್ನೇ ಹಿಡಿದುಕೊಂಡೆ.

ಇದೇ ಹಿಂದಿ ಹೊತ್ತುಕೊಂಡು ಅಕ್ಕನ ವಿಚ್ಛೇದನದ ರಾಜಿ ಮಾತುಕತೆಗೆ ದುಭಾಷಿಯಾಗಿ ಹೋದೆ. ಲೋಧಿ ಕಾಲೋನಿಯ ಕ್ವಾರ್ಟರ್ಸ್‌ನಲ್ಲಿ ಏಳು ವರ್ಷ ಸಂಸಾರ ಮಾಡಿದರೂ ಅವಳ ಹಿಂದಿ ತರಕಾರಿ ಗಾಡಿಯನ್ನು ದಾಟಿರಲಿಲ್ಲ. ನಮ್ಮ ವಕೀಲರು ಅವತ್ತು ಬೇರೆ ಕೋರ್ಟಿನಲ್ಲಿದ್ದರು. ಮೇಜಿನ ಆಚೆ ಭಾವ, ನಡುವೆ ರಾಜಿ ಮಾಡಿಸುವ ಮೇಡಂ. ಅವರು "ಗುಜಾರಾ ಭತ್ತಾ" ಎಂದು ಶುರು ಮಾಡಿದರು.

"ಭತ್ತ ಎಷ್ಟು ಮೂಟೆ ಬೇಕು ಅಂತ ಕೇಳ್ತಿದಾರೆ ಕಣೇ," ಎಂದೆ ಅಕ್ಕನಿಗೆ.

"ಬಾಯ್ಮುಚ್ಚೋ. ಜೀವನಾಂಶ ತಾನೆ? ನನಗೇನೂ ಬೇಡ ಅನ್ನು," ಎಂದಳು ಜೋರಾಗಿಯೇ. ಮಾತು ಇನ್ನೂ ಮುಗಿದಿರಲಿಲ್ಲ; ನೀರಿನ ಲೋಟ ಎತ್ತಿಕೊಂಡಳು.

ಅವಳು ಕುಡಿದು ಮುಗಿಸುವವರೆಗೆ ಕಾಯಬಹುದಿತ್ತು. ನಾನು ಎದೆಯುಬ್ಬಿಸಿ, "ಹಮ್ಕೋ ಕುಛ್ ನಹೀ ಚಾಹಿಯೇ" ಎಂದುಬಿಟ್ಟೆ. ಮೇಡಂ ಕಿವಿಗೆ ಅದು 'ನಮಗೇನೂ ಬೇಡ': ತಾಯಿಗೂ, ಮಗಳಿಗೂ. ಹಾಗೆಯೇ ಬರೆದುಕೊಂಡರು. ಭಾವ "ಠೀಕ್ ಹೈ ಜೀ" ಎಂದರು. ಅಕ್ಕ ಲೋಟ ಕೆಳಗಿಡುವಷ್ಟರಲ್ಲಿ ಮಾತು ಮಗಳು ಭಾನುವಾರ ಯಾರ ಹತ್ತಿರ ಇರಬೇಕು ಎನ್ನುವಲ್ಲಿಗೆ ಹೋಗಿತ್ತು. ಮಗಳ ಪಾಲು ಹೇಗೂ ಬರುತ್ತದೆಂದು ನಂಬಿ, ಇಂಗ್ಲಿಷಿನಲ್ಲಿ ಟೈಪಾದ ಹಾಳೆಗೆ ಅವಳು ಸಹಿ ಹಾಕಿದಳು. ಅದನ್ನು ಓದಿ ಹೇಳಬೇಕಾಗಿದ್ದ ವಿದ್ವಾಂಸ ನಾನು ಕೆಳಗೆ ಸಮೋಸ ತಿನ್ನುತ್ತಿದ್ದೆ.

ಹೆಂಡತಿಯ ಜೀವನಾಂಶ ಬೇರೆ, ಮಗುವಿನದು ಬೇರೆ. ತಾಯಿ ತನ್ನದನ್ನು ಬಿಡಬಹುದು, ಮಗುವಿನ ಹಕ್ಕು ಬಿಟ್ಟುಕೊಡಲು ಅದು ಅವಳದೇ ಅಲ್ಲ ಎಂದು ವಕೀಲರು ಆಮೇಲೆ ತಲೆ ಚಚ್ಚಿಕೊಂಡರು. ಅರ್ಜಿ, ತಾರೀಖು, ಮತ್ತೆ ತಾರೀಖು. ಅದು ಸರಿಹೋಗುವವರೆಗೆ ಅಪ್ಪನಿಂದ ಆ ಮಗುವಿಗೆ ಏನೂ ಬರಲಿಲ್ಲ. ಅಕ್ಕ ಶಾಲೆಯ ವ್ಯಾನ್ ಬಿಡಿಸಿದಳು. ಮೇ ತಿಂಗಳ ಬಿಸಿಲಿನಲ್ಲಿ ಇಬ್ಬರೂ ನಡೆದುಕೊಂಡು ಬರುತ್ತಿದ್ದರು.

ಒಂದು ದಿನ ಅವಳು ಮಗಳಿಗೆ ಜಡೆ ಹಾಕುತ್ತಿದ್ದಾಗ ಕ್ಷಮೆ ಕೇಳಿದೆ. "ಎಲ್ಲಾ ನನ್ನ ಹಿಂದಿಯಿಂದ ಆಗಿದ್ದು ಅಕ್ಕಾ."

ಅವಳು ಬಾಚಣಿಗೆ ನಿಲ್ಲಿಸಲಿಲ್ಲ. "ನೀನು ಹಿಂದೀಲಿ ತಪ್ಪು ಹೇಳ್ದೆ, ಸರಿ. ನಾನು ಕನ್ನಡದಲ್ಲಿ ಸರಿಯಾಗೇ ಹೇಳಿದ್ನಲ್ಲೋ. ಅವರೂ ಅಲ್ಲೇ ಕೂತಿದ್ರು. ನಿನ್ನ ಭಾವ ಮಂಡ್ಯದವರು ಕಣೋ."