ಎಮ್ಮೆ ನೆಕ್ಕಿದ ಗುಡಾರ

ಕೊರೊನಾ ಮುಗಿದು ಎರಡನೇ ಚಳಿಗಾಲ. ಕೊಪ್ಪಳದ ತರಬೇತಿ ಕೇಂದ್ರವೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಹೊಲಿಗೆ ಬೋಧಕನಾಗಿದ್ದು ನಿವೃತ್ತನಾಗಿದ್ದ ನಾನು ಗಂಗಾವತಿಯ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಕೂತಿದ್ದೆ. ನನ್ನ ಹೊಲಿಗೆ ಎಂದರೆ ಜಂಪರು, ಲಂಗಗಳದ್ದಲ್ಲ. ಲಾರಿಯ ತಾಡಪಾಲು, ಶಾಮಿಯಾನ, ಡೇರೆ, ಹೀಗೆ ದಪ್ಪ ಬಟ್ಟೆಯ ಕೆಲಸ. ಗಂಗಾವತಿ ಭತ್ತದ ಊರು. ಇಲ್ಲಿ ಅಕ್ಕಿ ಮಿಲ್ಲುಗಳು ಓಡುವವರೆಗೆ ತಾಡಪಾಲು ಹೊಲಿಯುವವನ ಮನೆಯಲ್ಲಿ ಒಲೆ ಉರಿಯುತ್ತದೆ. ಆ ವರ್ಷ ನನ್ನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಮೂರು ತಿಂಗಳು ಮಷೀನು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು.

ಅಂಥ ಹೊತ್ತಿನಲ್ಲಿ ಹನುಮನಹಳ್ಳಿಯ ಗಿರಿಜವ್ವ ಮನೆಗೆ ಬಂದಳು. ಅಂಜನಾದ್ರಿ ಬೆಟ್ಟದ ಬುಡದಲ್ಲಿ ಅವಳದೊಂದು ಮಂಡಾಳ, ಎಂದರೆ ಮಂಡಕ್ಕಿಯ ಒಗ್ಗರಣೆ ಮತ್ತು ಮಿರ್ಚಿ ಬಜ್ಜಿಯ ಅಂಗಡಿ. ಮನೆಯ ಹಿಂದಿನ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆ ಕೊಡುತ್ತಿದ್ದಳು. ಅವಳ ತಂಗಿ ನನ್ನ ಹತ್ತಿರ ಕಲಿತವಳು, ಆ ಗುರುತಿನ ಮೇಲೆ ಬಂದಿದ್ದಳು. ಕೂತವಳೇ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದಳು. ಗಳಗಳನ್ನು ಮೇಲೆ ಒಂದೆಡೆ ಕಟ್ಟಿ, ಸುತ್ತ ಬಿಳಿ ಬಟ್ಟೆ ಹೊದಿಸಿದ ಗುಡಾರ. ನೆತ್ತಿಯಿಂದ ಹೊಗೆ ಹೋಗುತ್ತಿತ್ತು.

“ಇದಕ್ಕ ಟೀಪಿ ಅಂತಾರಂತ್ರಿ ಮಾಸ್ತರ. ನಡುವ ಬೆಂಕಿ ಹಾಕ್ಕೊಂಡು ಸುತ್ತ ಮಲಗತಾರಂತ. ಬಂದವ್ರೆಲ್ಲಾ ಇಂಥಾದ್ದು ಐತೇನು ಅಂತ ಕೇಳತಾರ. ನಮ್ಮ ಹಿತ್ತಲದಾಗ ಒಂದು ನಿಂದರಸಬೇಕು.”

“ಬೆಂಕಿ ಒಳಗಾ ಬೇಕೇನವ್ವ?”

“ಬೆಂಕಿ ಇಲ್ಲಂದ್ರ ಅದು ಬರೇ ತಾಡಪಾಲ ಅಲ್ಲೇನ್ರಿ?” ಎಂದು ನಕ್ಕಳು. ಆಮೇಲೆ ಹೇಳಿದಳು, “ನನಗ ಬಟ್ಟಿ ತಿಳಿಯಂಗಿಲ್ಲ. ನೀವು ಛಲೋ ಐತಿ ಅಂದ್ರ ಛಲೋ.”

ಆ ಮಾತಿಗೆ ನಾನು ಉಬ್ಬಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ನಿವೃತ್ತನಾದ ಮಾಸ್ತರನಿಗೆ ಯಾರಾದರೂ ಹಾಗೆಂದರೆ ಬೇರೇನು ಬೇಕು?

ಟೀಪಿ ಅಮೆರಿಕದ ಬಯಲು ನಾಡಿನ ಮೂಲನಿವಾಸಿಗಳ ಮನೆ. ನಮ್ಮ ಡೇರೆಯಂತೆ ನಡುಗಂಬ ಇರುವುದಿಲ್ಲ. ಮೊದಲು ಮೂರು ಗಳಗಳನ್ನು ಕಟ್ಟಿ ಎತ್ತಿ ನಿಲ್ಲಿಸಬೇಕು. ಉಳಿದವನ್ನು ಅವುಗಳಿಗೆ ಒರಗಿಸುತ್ತ ಹೋಗಬೇಕು. ಕೊನೆಯ ಗಳಕ್ಕೆ ಬಟ್ಟೆ ಕಟ್ಟಿ ಎತ್ತಿದರೆ, ಅದು ಸೀರೆ ಉಟ್ಟಂತೆ ಎರಡೂ ಕಡೆಯಿಂದ ಸುತ್ತಿ ಬಂದು ಮುಂದೆ ಸೇರುತ್ತದೆ. ಸೇರಿದಲ್ಲಿ ಕಟ್ಟಿಗೆಯ ಕಡ್ಡಿಗಳನ್ನು ಚುಚ್ಚಿ ಬಂಧಿಸಬೇಕು. ನೆತ್ತಿಯ ಹತ್ತಿರ ಎರಡು ಕಿವಿಗಳಿರುತ್ತವೆ. ಗಾಳಿ ಬಂದ ದಿಕ್ಕು ನೋಡಿ ಅವನ್ನು ತಿರುಗಿಸಿದರೆ ಹೊಗೆ ಮೇಲಕ್ಕೆ ಹೋಗುತ್ತದೆ. ಗಿರಿಜವ್ವನ ಹಿತ್ತಲು ಅಳೆದು ಹದಿನಾರು ಅಡಿ ಅಗಲದ್ದು ಸಾಕೆಂದು ತೀರ್ಮಾನಿಸಿದೆ. ಹದಿನೈದು ಗಳ ಬೇಕಾಗಿತ್ತು. ಬಿದಿರು ಬಿಸಿಲಿಗೆ ಸೀಳುತ್ತದೆ, ಅದಕ್ಕೆ ಕಟ್ಟಡದವರು ಬಳಸುವ ಸರ್ವೆ ಗಳಗಳನ್ನೇ ಆರಿಸಿ, ಗಂಟು ಕೆತ್ತಿಸಿ, ಎಣ್ಣೆ ಹಚ್ಚಿಸಿದೆ. ಗಂಟು ಉಳಿದರೆ ಬಟ್ಟೆ ತೂತಾಗುತ್ತದೆ. ಮಳೆ ಬಂದರೆ ಗಳದ ಗುಂಟ ಇಳಿಯುವ ನೀರು ಹಾಸಿಗೆಗೆ ಬೀಳದಂತೆ ಒಳಗೊಂದು ಐದಡಿ ಎತ್ತರದ ಪರದೆ ಬೇಕು. ಅದನ್ನೂ ಲೆಕ್ಕಕ್ಕೆ ಹಿಡಿದೆ. ಹೊಲಿಯುವ ದಾರ ಹತ್ತಿಯದೇ ಆಗಬೇಕೆಂದು ಬರೆದೆ. ಹತ್ತಿಯ ದಾರ ನೀರು ಕುಡಿದು ಉಬ್ಬಿ ಸೂಜಿ ತೂತನ್ನು ಮುಚ್ಚುತ್ತದೆ, ನೈಲಾನ್ ದಾರಕ್ಕೆ ಆ ಗುಣವಿಲ್ಲ.

ಎಲ್ಲಕ್ಕಿಂತ ಮುಖ್ಯ ಬಟ್ಟೆ. ಸಾದಾ ಕ್ಯಾನ್ವಾಸಿಗೆ ಕಿಡಿ ಬಿದ್ದರೆ ಅದು ಹತ್ತಿಯೇ ತಾನೆ, ಹೊತ್ತಿಕೊಳ್ಳುತ್ತದೆ. ಒಳಗೆ ಮಲಗಿದವರಿಗೆ ಇರುವುದು ಒಂದೇ ಬಾಗಿಲು, ಅದನ್ನೂ ಬಗ್ಗಿಯೇ ದಾಟಬೇಕು. ಅದಕ್ಕಾಗಿ ಬೆಂಕಿ ತಡೆಯುವ ಔಷಧಿ ಕುಡಿಸಿದ ಕ್ಯಾನ್ವಾಸ್ ಸಿಗುತ್ತದೆ. ಉರಿಗೆ ಹಿಡಿದರೆ ಅದು ಕರಕಾಗುತ್ತದೆ, ಉರಿಯಿಂದ ಆಚೆ ತೆಗೆದ ಕೂಡಲೇ ತಾನೇ ಆರುತ್ತದೆ. ಕಣ್ಣಿಗೆ ಎರಡೂ ಬಟ್ಟೆ ಒಂದೇ. ಬೆರಳಿಗೆ ಮಾತ್ರ ಔಷಧಿಯದು ತುಸು ಗಡುಸು, ನಾಲಿಗೆಗೆ ಕಹಿ. ಅಂಥ ಬಟ್ಟೆಯ ಇಡೀ ಒಂದು ಸುರುಳಿ, ಒಂದು ಥಾನನ್ನು ಹುಬ್ಬಳ್ಳಿಯಿಂದ ತರಿಸಿ, ನಾನೇ ಚೂರು ಕತ್ತರಿಸಿ ಮೇಣದ ಬತ್ತಿಗೆ ಹನ್ನೆರಡು ಸೆಕೆಂಡು ಹಿಡಿದು ನೋಡಿದೆ. ತೆಗೆದೊಡನೆ ಆರಿತು.

ಹೊಲಿಯಲು ನನ್ನ ಕಣ್ಣು ಅವಕಾಶ ಕೊಡುವಂತಿರಲಿಲ್ಲ. ಆ ಥಾನನ್ನೂ ಕೆಲಸವನ್ನೂ ಅಮರೇಶನಿಗೆ ಕೊಟ್ಟೆ. ಅಮರೇಶ ನನ್ನ ಜೊತೆಗಾರ. ಹದಿನಾರನೇ ವಯಸ್ಸಿನಲ್ಲಿ ಇಬ್ಬರೂ ಒಬ್ಬರೇ ಉಸ್ತಾದರ ಕೈಕೆಳಗೆ ಸೂಜಿ ಹಿಡಿದವರು, ಒಂದೇ ಬುತ್ತಿಯಲ್ಲಿ ರೊಟ್ಟಿ ಮುರಿದವರು. ನಾನು ಸರಕಾರಿ ಸಂಬಳಕ್ಕೆ ಹೋದೆ, ಅವನು ಗಂಗಾವತಿಯಲ್ಲೇ ಅಂಗಡಿ ಹಾಕಿದ. ನನ್ನ ಮಗಳ ಮದುವೆಯ ಶಾಮಿಯಾನ ಅವನೇ ಹಾಕಿಸಿದ್ದ. ಅವನ ಕೈ ನನ್ನ ಕೈಗಿಂತ ಒಂದು ಗುಲಗಂಜಿ ಹೆಚ್ಚು ಎಂದು ನಾನೇ ವಿದ್ಯಾರ್ಥಿಗಳೆದುರು ಹೇಳಿದ್ದುಂಟು.

ನಮ್ಮ ಉಸ್ತಾದರ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಏನೇ ಹೊಲಿದರೂ ಒಂದು ಮೂಲೆಯಲ್ಲಿ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಡಬೇಕು. ಒಪ್ಪಿಸುವ ದಿನ ಕತ್ತರಿಯನ್ನು ತೆಗೆದುಕೊಳ್ಳುವವರ ಕೈಗೆ ಕೊಡಬೇಕು. ಅವರು ಅದನ್ನು ಕತ್ತರಿಸಿ ನೀರಿಗೆ ಹಾಕಲಿ, ಬೆಂಕಿಗೆ ಹಿಡಿಯಲಿ, ಅದು ಅವರ ಹಕ್ಕು. ಆದರೆ ಒಂದೇ ಗುರುವಿನ ಶಿಷ್ಯರು ಒಬ್ಬರಿಂದೊಬ್ಬರು ಕೆಲಸ ತೆಗೆದುಕೊಂಡರೆ ಕತ್ತರಿ ಹಚ್ಚುತ್ತಿರಲಿಲ್ಲ. ಹಚ್ಚಿದರೆ ಮುಖಕ್ಕೆ ಉಗುಳಿದಂತೆ. ಉಸ್ತಾದರು ಹಾಗೆಂದು ಹೇಳಿದ್ದು ನನಗೆ ನೆನಪಿಲ್ಲ. ಈ ದೊಡ್ಡಸ್ತಿಕೆಯನ್ನು ನಾವೇ ಸೇರಿಸಿಕೊಂಡಿದ್ದೆವು.

ಹದಿನೆಂಟು ದಿನಕ್ಕೆ ಕೆಲಸ ಮುಗಿಯಿತು. ಸೋಮವಾರ ಬೆಳಿಗ್ಗೆ ಅಮರೇಶನೇ ಟಂಟಂ ಗಾಡಿಯಲ್ಲಿ ಬಟ್ಟೆ ಹೇರಿಕೊಂಡು ಹನುಮನಹಳ್ಳಿಗೆ ಬಂದ. ಗಳ ಎತ್ತಿದೆವು, ಬಟ್ಟೆ ಸುತ್ತಿದೆವು. ಹೊಲಿಗೆ ಎಂದರೆ ಹೊಲಿಗೆ! ಮಡಿಕೆಗಳೆಲ್ಲ ಕೆಳಮುಖ, ನೀರು ನಿಲ್ಲುವ ಮಾತೇ ಇಲ್ಲ. ನಾನು ಬಟ್ಟೆಯ ಮೇಲೆ ಕೈಯಾಡಿಸಿದೆ. ಗಡುಸಾಗಿತ್ತು. ಬಾಗಿಲ ಮೂಲೆಯಲ್ಲಿ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟಿದ್ದ. ಅಭ್ಯಾಸಬಲದಿಂದ ಚೀಲದೊಳಗಿನ ಕತ್ತರಿಗೆ ಕೈ ಹೋಯಿತು.

“ಯಾಕಲೇ, ನನ್ನ ಮ್ಯಾಲ ನಂಬಿಕಿ ಹೋತೇನು?” ಎಂದ ಅಮರೇಶ ನಗುತ್ತಲೇ.

ನನಗೇ ನಾಚಿಕೆಯಾಯಿತು. ಕತ್ತರಿ ಅಲ್ಲೇ ಬಿಟ್ಟು ಕೈ ಹೊರಗೆ ತೆಗೆದೆ. ಗಿರಿಜವ್ವ ನನ್ನ ಮುಖ ನೋಡುತ್ತ ನಿಂತಿದ್ದಳು. “ಛಲೋ ಐತವ್ವ,” ಎಂದೆ. ಅವಳು ಗುಡಾರಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಳು.

ಮುಂದಿನ ನಾಲ್ಕು ದಿನ ಅವಳು ನೆಲಕ್ಕೆ ಉಸುಕು ಹಾಸಿ, ನಡುವೆ ಕಲ್ಲಿನ ಒಲೆ ಹೂಡಿ, ಸುತ್ತ ಗಾದಿ ಹಾಕಿಸಿದಳು. ಶನಿವಾರ ಮಧ್ಯಾಹ್ನ ಫೋನ್ ಮಾಡಿದಳು. ಧಾರವಾಡದಿಂದ ಒಂದು ಕುಟುಂಬ ಬರುತ್ತಿದೆ, ಗಂಡ ಹೆಂಡತಿ, ಮೂರು ಮಕ್ಕಳು, ಸಂಜೆ ಒಲೆಗೆ ಮೊದಲ ಬೆಂಕಿ, ನೀವೂ ಬರ್ರಿ ಎಂದಳು. ಫೋನ್ ಇಡುವ ಮುಂಚೆ ನಗುತ್ತ ಒಂದು ಮಾತು ಸೇರಿಸಿದಳು.

“ನಮ್ಮ ಎಮ್ಮಿಗೆ ನಿಮ್ಮ ಗುಡಾರ ಭಾಳ ಸೇರೇತಿ ನೋಡ್ರಿ. ಹಗ್ಗ ಬಿಚ್ಚಿದ್ರ ಸಾಕು, ಹೋಗಿ ಅದನ್ನ ನೆಕ್ಕಕೋತ ನಿಂದರತೈತಿ.”

ನಾನು ನಗಲಿಲ್ಲ. ಔಷಧಿಯ ಬಟ್ಟೆಯನ್ನು ಇಲಿ ಕೂಡ ಮೂಸಿ ಬಿಡುತ್ತದೆ, ಎಮ್ಮೆ ಯಾಕೆ ನೆಕ್ಕೀತು? ನೆಕ್ಕುವಂಥದ್ದು ಅದರ ಮೇಲೆ ಏನಿದೆ? ಉತ್ತರ ಹೊಳೆಯಿತು. “ನಾ ಬರೋತನಕ ಬೆಂಕಿ ಹಚ್ಚಬ್ಯಾಡ,” ಎಂದು ಎರಡು ಸಲ ಹೇಳಿ, ಪಕ್ಕದ ಮನೆಯವನ ಮೋಟಾರ್‌ಸೈಕಲ್ ಹತ್ತಿದೆ. ದಾರಿಯುದ್ದಕ್ಕೂ ನನ್ನ ಅನುಮಾನ ಸುಳ್ಳಾಗಲಿ ಎಂದೇ ಬೇಡಿಕೊಂಡೆ. ಹೆದರಿದ್ದು ಮಕ್ಕಳಿಗಾಗಿಯೋ ಅಮರೇಶನಿಗಾಗಿಯೋ ಇಂದಿಗೂ ಸರಿಯಾಗಿ ಹೇಳಲಾರೆ.

ನಾನು ತಲುಪುವಷ್ಟರಲ್ಲಿ ಒಲೆಯಲ್ಲಿ ಸೌದೆ ಒಟ್ಟಿ ಆಗಿತ್ತು. ಎಮ್ಮೆ ನೆಕ್ಕಿದ ಅಂಚನ್ನು ಬೆರಳಿಂದ ತಿಕ್ಕಿದೆ. ಇಬ್ಬನಿಗೆ ನೆನೆದು ನೆನೆದು ಗಡುಸುತನ ಹೋಗಿತ್ತು, ಬೆರಳಿಗೆ ಅಂಟು ಹತ್ತಿತು. ಮೂಗಿಗೆ ಹಿಡಿದರೆ ಅನ್ನ ಬಸಿದ ಗಂಜಿಯ ಹುಳಿ ವಾಸನೆ. ಬಾಗಿಲ ಮೂಲೆಯ ಹೆಚ್ಚಿನ ಬಟ್ಟೆಯನ್ನು ಈಗ ಕತ್ತರಿಸಿದೆ. ದೂರ ಹೋಗಿ ಕಡ್ಡಿ ಗೀರಿ ಹಿಡಿದೆ. ಹನ್ನೆರಡು ಸೆಕೆಂಡು ಎಣಿಸುವ ಗರಜು ಬೀಳಲಿಲ್ಲ. ಕಡ್ಡಿ ತೆಗೆದ ಮೇಲೂ ಉರಿ ಏರಿ ಬಂದು ನನ್ನ ಹೆಬ್ಬೆರಳು ಸುಟ್ಟಿತು.

ಗಿರಿಜವ್ವ ಎಲ್ಲವನ್ನೂ ನೋಡಿದಳು. “ಇದೇನ್ರಿ?” ಎಂದಳು. “ಇವತ್ತ ಒಳಗ ಯಾರನ್ನೂ ಮಲಗಸಬ್ಯಾಡವ್ವ, ನಾಳೆ ಬಂದು ಹೇಳತೀನಿ,” ಎಂದಷ್ಟೇ ಹೇಳಲು ಆಯಿತು. ಧಾರವಾಡದವರು ಬಂದಾಗ ಬಾಡಿಗೆಯ ಕೋಣೆಗಳೆರಡೂ ತುಂಬಿದ್ದರಿಂದ ಆಕೆ ತನ್ನ ಕೋಣೆಯನ್ನೇ ಅವರಿಗೆ ಬಿಟ್ಟುಕೊಟ್ಟಳು. ಕಿರಿಯ ಹುಡುಗಿ ಟೀಪಿ ಬೇಕೆಂದು ಅಂಗಳದಲ್ಲಿ ಕೂತು ಅಳುತ್ತಿತ್ತು. ಆ ಮಗುವಿನ ಪಕ್ಕದಿಂದ ಹಾದು ಬರುವಾಗ ನನಗೆ ತಲೆ ಎತ್ತಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅಮರೇಶನ ಅಂಗಡಿಗೆ ಹೋದೆ. ಸುಟ್ಟ ಚೂರನ್ನು ಅವನ ಮಷೀನಿನ ಮೇಲೆ ಇಟ್ಟೆ. ಅವನು ಪೆಡಲ್ ನಿಲ್ಲಿಸಿ ಅದನ್ನು ನೋಡಿದ. ಅಲ್ಲಗಳೆಯಲಿಲ್ಲ.

“ಆ ಥಾನು ಎಲ್ಲೈತಿ?”

“ಹೊಳಿ ಆಚಿ ಒಂದು ದೊಡ್ಡ ರೆಸಾರ್ಟ್ ಡೇರೆ ಕೇಳಿತ್ತು. ಅಲ್ಲಿ ಬಟ್ಟಿ ಸುಟ್ಟು ನೋಡಾಕ ಇಂಜಿನಿಯರ್ ಬರ್ತಾನ. ಹೊಸಾ ಥಾನು ಬರಾಕ ತಿಂಗಳಾಗತಿತ್ತು. ಅದನ್ನ ಅಲ್ಲಿಗೆ ಹಾಕಿದೆ. ಮಿರ್ಚಿ ಕರಿಯಾಕಿಗೆ ಏನು ತಿಳಿತೈತಿ?”

“ನನಗ ತಿಳಿತಿತ್ತಲ್ಲೋ.”

“ನೀ ಕತ್ತರಿ ಹಚ್ಚಂಗಿಲ್ಲ ಅಂತ ಗೊತ್ತಿತ್ತು.”

“ಮತ್ತ ಗಂಜಿ ಯಾಕ ಹಾಕಿದಿ?”

ಅವನು ಸುಟ್ಟ ಚೂರನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ, “ನೀ ಕೈಯಾಡಿಸಿ ನೋಡ್ತಿ ಅಂತ.”

ನಲವತ್ತೈದು ವರ್ಷದ ಗೆಳೆತನದಲ್ಲಿ ಅವನು ನನ್ನನ್ನು ಎಷ್ಟು ಚೆನ್ನಾಗಿ ಕಲಿತಿದ್ದ ಎಂಬುದು ಆಗ ತಿಳಿಯಿತು. ಗಿರಿಜವ್ವನನ್ನು ಮೋಸಗೊಳಿಸಲು ಗಂಜಿ ಬೇಕಿರಲಿಲ್ಲ. ಒಲೆ ಹಚ್ಚಿ, ಗಂಜಿ ಕುದಿಸಿ, ಮಾರುಗಟ್ಟಲೆ ಬಟ್ಟೆಗೆ ಹಚ್ಚಿ ಒಣಗಿಸಿದ್ದು ನನ್ನ ಐದು ಬೆರಳುಗಳಿಗಾಗಿ. ಕೂಗಾಡಬೇಕೆಂದು ಹೋಗಿದ್ದೆ, ಕೂಗಲಿಲ್ಲ. ಒಳಗೆ ಮಕ್ಕಳಿರುತ್ತಿದ್ದರಲ್ಲೋ ಎಂದೆ. ಅವನು ಮಷೀನಿನ ಕಡೆ ತಿರುಗಿದ. ಅವನ ಅಂಗಡಿಯ ಮೆಟ್ಟಿಲನ್ನು ನಾನು ಮತ್ತೆ ಹತ್ತಿಲ್ಲ. ಇವತ್ತು ಬರೆಯುವಾಗಲೂ ಸಿಟ್ಟು ಹಾಗೇ ಇದೆ, ಸಿಟ್ಟಿನ ಕೆಳಗೆ ದುಃಖವೂ ಇದೆ.

ಅಲ್ಲಿಂದ ನೇರ ಹನುಮನಹಳ್ಳಿಗೆ ಹೋದೆ. ಗಿರಿಜವ್ವ ಗುಡಾರದ ಬಟ್ಟೆ ಇಳಿಸಿ ಮಡಚಿಟ್ಟಿದ್ದಳು. ಬರಿಯ ಗಳಗಳು ನಿಂತಿದ್ದವು. ನಡೆದದ್ದನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ನೋವೇ ದೊಡ್ಡದಾಗಿ, ಅಮರೇಶ ನನಗೆ ಏನೇನಾಗಿದ್ದ, ಎಂಥ ಕೆಲಸ ಮಾಡಿದ ಎಂದು ಹೇಳಿಕೊಂಡೆ. ಅವಳು ಮರುಗುತ್ತಾಳೆ ಎಂದು ಎಣಿಸಿದ್ದೆ. ಅವಳು ಚಹಾ ತಂದಿಟ್ಟು ಎದುರಿಗೆ ಕೂತಳು.

“ಅಂವ ನಿಮಗ ಮೋಸ ಮಾಡ್ಯಾನ, ಖರೇ ಐತ್ರಿ. ಆದ್ರ ನನಗ ಛಲೋ ಐತಿ ಅಂತ ಹೇಳಿದಾಂವ ಅಂವಲ್ಲ.”

ನಾನು ಚಹಾದ ಲೋಟ ಕೆಳಗಿಟ್ಟೆ.

“ನಾ ಅಂವನ್ನ ನಂಬಿರಲಿಲ್ರಿ ಮಾಸ್ತರ. ಅಂವ ಯಾರಂತ ನನಗೇನು ಗೊತ್ತು? ನಿಮ್ಮನ್ನ ನಂಬಿದ್ದೆ.”

ಎಷ್ಟೋ ತಂಡದ ಹುಡುಗ ಹುಡುಗಿಯರಿಗೆ ಬಟ್ಟೆ ಪರೀಕ್ಷಿಸುವುದನ್ನು ಕಲಿಸಿದವನು ನಾನು. ಗೆಳೆಯನನ್ನು ನಂಬುವುದು ನನ್ನ ಸ್ವಂತ ವಿಷಯವೆಂದು ತಿಳಿದಿದ್ದೆ. ಗೆಳೆಯನ ಮನಸ್ಸು ನೋಯಬಾರದೆಂದು ನಾನು ಆ ದಿನ ಪಣಕ್ಕಿಟ್ಟದ್ದು ನನ್ನದಲ್ಲ, ಆ ಗಾದಿಗಳ ಮೇಲೆ ಮಲಗಬೇಕಿದ್ದವರ ಜೀವ. ಕೆಲಸದಲ್ಲಿ ನಾವು ಪರೀಕ್ಷೆ ಮಾಡುವುದು ಎದುರಿಗಿರುವವನನ್ನು ಅನುಮಾನಿಸಿ ಅಲ್ಲ, ಅಲ್ಲಿ ಇಲ್ಲದವರ ಪರವಾಗಿ. ನಿವೃತ್ತನಾದ ಮೇಲೆ ಕಲಿತ ಪಾಠ ಇದು, ಅದೂ ಮಿರ್ಚಿ ಕರಿಯುವ ಹೆಣ್ಣುಮಗಳಿಂದ.

ಹೊಸ ಥಾನು ತರಿಸಿ, ಡಾಕ್ಟರು ಹೇಳಿದ ಮೂರು ತಿಂಗಳು ಮುಗಿದ ಮೇಲೆ ನಾನೇ ಹೊಲಿದುಕೊಡುತ್ತೇನೆ ಎಂದೆ. ಅವಳು ಮಡಚಿಟ್ಟ ಬಟ್ಟೆಯ ಕಡೆ ನೋಡಿದಳು.

“ಹೊಲಿರಿ,” ಎಂದಳು. “ಆದ್ರ ನೋಡಾಕ ನಾ ಬ್ಯಾರೆಯವರನ್ನ ಕರಕೊಂಡು ಬರ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ಬೇಸರವಾಯಿತು. ನನ್ನ ಹೊಲಿಗೆಯನ್ನು ಇನ್ನೊಬ್ಬ ನೋಡುವುದೇ ಎಂದು ರಕ್ತ ಒಮ್ಮೆ ತಲೆಗೇರಿತು ಕೂಡ. ನುಂಗಿಕೊಂಡು ಹೇಳಿದೆ:

“ಕರಕೊಂಡು ಬಾ ಯವ್ವಾ.”